ಹಸಿ ಗೋಡಂಬಿ ಬೆಣ್ಣೆ: ಮಿಕ್ಸಿಯನ್ನು ಬೈಯುವ ಮೊದಲು

ಮಿಕ್ಸಿ ಹತ್ತು ನಿಮಿಷ ತಿರುಗಿತು. ಜಾರ್ ಬಿಸಿಯಾಯಿತು, ಕೊನೆಗೆ ಸುಟ್ಟ ವಾಸನೆಯೂ ಬಂತು. ಮುಚ್ಚಳ ತೆಗೆದು ನೋಡಿದರೆ ಬೆಣ್ಣೆ ಇಲ್ಲ, ಚಪಾತಿ ಹಿಟ್ಟಿನಂಥ ಮುದ್ದೆ. ಕಳೆದ ಮಳೆಗಾಲದಲ್ಲಿ ಈ ಕತೆಯನ್ನು ನಾನು ಕುಮಟಾದಲ್ಲೇ ಮೂರು ಮನೆಯಲ್ಲಿ ಕೇಳಿದೆ. ಕಾರವಾರದಿಂದ ಅಕ್ಕ ಫೋನ್ ಮಾಡಿ ಅದನ್ನೇ ಹೇಳಿದಳು. ಪಕ್ಕದ ಮನೆಯವರು ಹೊಸ ಮಿಕ್ಸಿಯನ್ನೇ ತಂದರು. ಅದರಲ್ಲೂ ಮುದ್ದೆಯೇ ಆಯಿತು.

ತಪ್ಪು ಮಿಕ್ಸಿಯದಲ್ಲ. ಬೀಜ ಒಣಗಿರಲಿಲ್ಲ, ಅಷ್ಟೇ. ಬೀಜ ಸರಿಯಾಗಿ ಒಣಗಿದ್ದರೆ ಸಾಧಾರಣ 500 ವ್ಯಾಟ್ ಮಿಕ್ಸಿಯ ಚಟ್ನಿ ಜಾರ್‌ನಲ್ಲೂ ಬೆಣ್ಣೆ ಆಗುತ್ತದೆ.

## ಮುದ್ದೆ ಯಾಕೆ ಆಗುತ್ತದೆ

ಗೋಡಂಬಿಯ ತೂಕದಲ್ಲಿ ನೂರಕ್ಕೆ ಹೆಚ್ಚುಕಡಿಮೆ 45 ಪಾಲು ಎಣ್ಣೆಯೇ ಇದೆ. ತುಂಬಾ ಹೊತ್ತು ಅರೆದಾಗ ಆ ಎಣ್ಣೆ ಹೊರಗೆ ಬರುತ್ತದೆ, ಉಳಿದ ಹಿಟ್ಟು ಅದರಲ್ಲಿ ತೇಲುತ್ತದೆ. ನಾವು ಬೆಣ್ಣೆ ಅನ್ನುವುದು ಇದಕ್ಕೇ. ಆದರೆ ಗೋಡಂಬಿಯಲ್ಲಿ ಪಿಷ್ಟವೂ ಜಾಸ್ತಿ. ಒಳಗೆ ಸ್ವಲ್ಪ ನೀರಿದ್ದರೂ ಆ ಪಿಷ್ಟ ಅದನ್ನು ಹೀರಿ ಅಂಟಾಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಮುದ್ದೆ ಒಡೆಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಹಪ್ಪಳದ ಡಬ್ಬ ಅರ್ಧ ಗಂಟೆ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುತ್ತದೆ, ಅಲ್ವಾ? ಗೋಡಂಬಿಗೂ ಅದೇ ಗತಿ. ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ, ಅಲ್ಲೇ ನಾವು ಮೋಸಹೋಗುವುದು.

## ಬೇಕಾದ ಸಾಮಾನು

- ಗೋಡಂಬಿ 250 ಗ್ರಾಂ
- ಮಿಕ್ಸಿ, ಅದರ ಚಟ್ನಿ ಜಾರ್
- ಗಟ್ಟಿ ಚಮಚ ಅಥವಾ ರಬ್ಬರ್ ಸೌಟು
- ಅಡುಗೆಮನೆಯ ತಕ್ಕಡಿ (ಇದ್ದರೆ ಒಳ್ಳೆಯದು)
- ಮೊರ, ತೆಳು ಹತ್ತಿ ಬಟ್ಟೆ
- ಅಗಲ ಬಾಯಿಯ ಗಾಜಿನ ಬಾಟ್ಲಿ
- ತೆಂಗಿನ ಎಣ್ಣೆ ಎರಡು ಚಹಾ ಚಮಚ (ಬೇಕಾದರೆ ಮಾತ್ರ)

ಜಾರ್ ಮಸಾಲೆ ಅರೆಯುವುದು ಆಗಿರಬಾರದು. ಮೀನು ಸಾರಿನ ಮಸಾಲೆ ಅರೆದ ಜಾರ್ ಎಷ್ಟು ತೊಳೆದರೂ ಬೆಳ್ಳುಳ್ಳಿ ವಾಸನೆ ಬಿಡುವುದಿಲ್ಲ. ಗೋಡಂಬಿ ಅದನ್ನು ಪೂರ್ತಿ ಎಳೆದುಕೊಳ್ಳುತ್ತದೆ.

## ಹಂತ 1: ಸರಿಯಾದ ಬೀಜ ಕೊಳ್ಳಿ

ಮೊದಲ ಎಡವಟ್ಟು ಆಗುವುದು ‘ಹಸಿ’ ಅನ್ನುವ ಮಾತಿನಲ್ಲೇ. ಬೇಸಿಗೆಯಲ್ಲಿ ನಮ್ಮ ಸಂತೆಗೆ ಬರುವ ಹಸಿ ಗೇರುಬೀಜ, ಅಂದರೆ ಕೊಂಕಣಿಯವರು ಉಪ್ಕರಿ ಮಾಡುವ ಬಿಬ್ಬೊ, ಬೆಣ್ಣೆಗೆ ಬರುವುದೇ ಇಲ್ಲ. ಅದು ಎಳೆಯ ಬೀಜ, ತುಂಬಾ ನೀರು. ಅದನ್ನು ಪಲ್ಯಕ್ಕೇ ಹಾಕಿ. ಇಲ್ಲಿ ಹಸಿ ಅಂದರೆ ಹುರಿಯದ, ಉಪ್ಪು ಸವರದ, ಸಿಪ್ಪೆ ತೆಗೆದ ಬಿಳಿ ಗೋಡಂಬಿ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಅಂಗಡಿಯ ಬಿಳಿ ಗೋಡಂಬಿ ಪೂರ್ತಿ ಹಸಿ ಅಲ್ಲ. ಕಾರ್ಖಾನೆಯಲ್ಲಿ ಬೀಜವನ್ನು ಹಬೆಯಲ್ಲಿ ಬೇಯಿಸಿ ಅಥವಾ ಹುರಿದು ಒಡೆಯುತ್ತಾರೆ. ಆಮೇಲೆ ಒಳಗಿನ ತೆಳು ಸಿಪ್ಪೆ ಬಿಡಿಸಲು ಮತ್ತೆ ಬಿಸಿಯಲ್ಲಿ ಒಣಗಿಸುತ್ತಾರೆ. ಬಿಸಿಯೇ ಕಾಣದ ಬೀಜ ಬೇಕು ಅನ್ನುವವರಿಗೆ ಗೋಡಂಬಿ ಸರಿಯಲ್ಲ. ಅವರು ಬಾದಾಮಿಯನ್ನೋ ಎಳ್ಳನ್ನೋ ನೋಡಲಿ.

ಹಾಗಂತ ತೋಟದ ಗೇರುಬೀಜವನ್ನು ಮನೆಯಲ್ಲೇ ಹಸಿಯಾಗಿ ಒಡೆಯಲು ಹೋಗಬೇಡಿ. ಚಿಪ್ಪಿನ ಸೊನೆ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಅದು ತಿರುಳಿಗೆ ತಾಗಿ ಬಾಯಿಗೆ ಹೋದರಂತೂ ಕೇಳುವುದೇ ಬೇಡ. ತೋಟದ ಬೀಜ ಇದ್ದರೆ ಅದನ್ನು ಮಾರಿ, ಆ ದುಡ್ಡಿನಲ್ಲಿ ತಿರುಳು ತನ್ನಿ.

ಈಗ ದುಡ್ಡಿನ ಮಾತು. ಇಡೀ ಗೋಡಂಬಿ ಕೊಳ್ಳಬೇಡಿ. ಹೇಗಿದ್ದರೂ ಅರೆಯುವುದೇ, ಚಂದ ಯಾರು ನೋಡುತ್ತಾರೆ? ‘ತುಕಡಿ’ ಅಂತ ಕೇಳಿ. ಒಡೆದ ಚೂರು ಇಡೀ ಬೀಜಕ್ಕಿಂತ ಅಗ್ಗ, ರುಚಿ ಅದೇ. ಆದರೆ ತೀರಾ ನುಚ್ಚು ಬೇಡ. ಚೂರು ಸಣ್ಣದಾದಷ್ಟೂ ಗಾಳಿ ಜಾಸ್ತಿ ತಾಗಿ ಎಣ್ಣೆ ಬೇಗ ಕಮಟುತ್ತದೆ. ಕಡಲೆಕಾಳಿನಷ್ಟು ದೊಡ್ಡ ಚೂರು ಒಳ್ಳೆಯದು.

ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ ನಿಧಾನಕ್ಕೆ ಅಗಿಯಿರಿ. ಮೊದಲು ಸಿಹಿ ಬರಬೇಕು. ಕೊನೆಗೆ ಗಂಟಲಲ್ಲಿ ಹಳೆ ಎಣ್ಣೆಯ ಕೆರೆತ ಬಂದರೆ ಆ ಮಾಲು ಬೇಡ. ಬೆಣ್ಣೆಯಾದ ಮೇಲೆ ಆ ಕಮಟು ಇನ್ನೂ ಜೋರಾಗುತ್ತದೆ.

ಬಾಟ್ಲಿಯಲ್ಲಿ ಮಾರುವ ಬೆಣ್ಣೆಗೆ ಹೋಲಿಸಿದರೆ ಉಳಿತಾಯ ಎಷ್ಟು? ಲೆಕ್ಕ ಸುಲಭ. 250 ಗ್ರಾಂ ಬೀಜ ಹಾಕಿದರೆ ಹತ್ತಿರ ಹತ್ತಿರ 240 ಗ್ರಾಂ ಬೆಣ್ಣೆ ಸಿಗುತ್ತದೆ, ಉಳಿದದ್ದು ಜಾರ್‌ಗೆ ಅಂಟಿರುತ್ತದೆ. ಹಾಗಾಗಿ ಕಿಲೋ ತುಕಡಿಯ ಬೆಲೆಯನ್ನು ನಾಲ್ಕರಿಂದ ಭಾಗಿಸಿ. ಬಂದ ಮೊತ್ತವನ್ನು ಅಂಗಡಿಯ ಅದೇ ತೂಕದ ಬಾಟ್ಲಿಯ ಬೆಲೆಯ ಪಕ್ಕ ಇಟ್ಟು ನೋಡಿ. ಕರೆಂಟ್ ಖರ್ಚು ಲೆಕ್ಕಕ್ಕೇ ಇಲ್ಲ. 750 ವ್ಯಾಟ್ ಮಿಕ್ಸಿ ಒಟ್ಟು 20 ನಿಮಿಷ ಓಡಿದರೂ ಕಾಲು ಯೂನಿಟ್.

## ಹಂತ 2: ಆರಿಸಿ

ಬೀಜವನ್ನು ಮೊರದಲ್ಲಿ ಹರಡಿ ಬೆಳಕಿನಲ್ಲಿ ನೋಡಿ. ಹುಳದ ಬಲೆ, ಕಪ್ಪು ಚುಕ್ಕೆ, ಅಂಟಿಕೊಂಡ ಕೆಂಪು ಸಿಪ್ಪೆ ಎಲ್ಲ ತೆಗೆಯಿರಿ. ಬೂಷ್ಟು ಕಂಡರೆ ಆ ಒಂದು ಬೀಜವನ್ನು ಮಾತ್ರ ಎಸೆದು ಸಮಾಧಾನಪಡಬೇಡಿ, ಆ ಪೊಟ್ಟಣವನ್ನೇ ಬಿಡಿ. ಹಸಿ ಬೆಣ್ಣೆಗೆ ಮುಂದೆ ಬೆಂಕಿಯ ಕೆಲಸ ಇಲ್ಲ, ಇಲ್ಲಿ ಬಿಟ್ಟದ್ದು ಹೊಟ್ಟೆಗೇ ಹೋಗುತ್ತದೆ.

ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

## ಹಂತ 3: ಒಣಗಿಸಿ

ಇದಕ್ಕೆ ಒಂದು ದಿನ ಪೂರ್ತಿ ಕೊಡಿ. ನೂರಕ್ಕೆ ತೊಂಬತ್ತು ಜನ ಬಿಟ್ಟುಬಿಡುವ ಹಂತ ಇದು ಅಂತ ನನ್ನ ಅಂದಾಜು.

ಬಿಸಿಲು ಇದ್ದಾಗ: ಡಿಸೆಂಬರ್‌ನಿಂದ ಮೇ ತನಕ ಚಿಂತೆಯಿಲ್ಲ. ಮೊರದ ಮೇಲೆ ಬಟ್ಟೆ ಹಾಸಿ, ಬೀಜವನ್ನು ಒಂದೇ ಪದರವಾಗಿ ಹರಡಿ. ಮೇಲೊಂದು ತೆಳು ಬಟ್ಟೆ ಹೊದೆಸಿ, ಇಲ್ಲದಿದ್ದರೆ ಕಾಗೆ ಬಿಡುವುದಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಸಾಕು. ನಾಲ್ಕರ ಮೇಲೆ ಕಡಲ ಗಾಳಿಯಲ್ಲಿ ಪಸೆ ಜಾಸ್ತಿ, ಅಷ್ಟರೊಳಗೆ ಒಳಗೆ ತನ್ನಿ. ಕಾದ ತಗಡಿನ ಮೇಲೆ ನೇರವಾಗಿ ಹರಡಬೇಡಿ, ಅಡಿಭಾಗ ಹುರಿದಂತಾಗುತ್ತದೆ.

ಮಳೆಗಾಲದಲ್ಲಿ: ದಪ್ಪ ತಳದ ಬಾಣಲೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ. ಒಳಭಾಗಕ್ಕೆ ಕೈ ತಾಗಿಸಿದರೆ ಬೆಚ್ಚಗೆ ಅನ್ನಿಸಬೇಕು, ಚುರುಕು ಮುಟ್ಟಬಾರದು. ಒಲೆ ಆರಿಸಿ, ಬೀಜ ಹಾಕಿ, ತಣಿಯುವವರೆಗೆ ಕೈಯಾಡಿಸಿ. ಮುಚ್ಚಳ ಮುಚ್ಚಬೇಡಿ, ಪಸೆ ಹೊರಗೆ ಹೋಗಬೇಕು. ಬೀಜ ತೆಗೆದು ಬಾಣಲೆ ಮತ್ತೆ ಬೆಚ್ಚಗೆ ಮಾಡಿ, ಮತ್ತೆ ಹಾಕಿ. ಹೀಗೆ ಐದಾರು ಸಲ. ಬೇಸರದ ಕೆಲಸ, ಒಪ್ಪುತ್ತೇನೆ. ಮನೆಯಲ್ಲಿ ಓವನ್ ಇದ್ದರೆ ಅತಿ ಕಡಿಮೆ ಬಿಸಿಗೆ ಇಟ್ಟು, ಬಾಗಿಲ ಸಂದಿಗೆ ಚಮಚ ಸಿಕ್ಕಿಸಿ, ಎರಡು ಮೂರು ಗಂಟೆ ಬಿಡಿ. ಮಧ್ಯೆ ಒಂದೆರಡು ಸಲ ಕೈಯಿಟ್ಟು ನೋಡಿ.

ಘಟ್ಟದ ಮೇಲಿನ ಶಿರಸಿ ಕಡೆಯವರಿಗೆ ಒಂದು ಮಾತು. ಬಚ್ಚಲ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ, ಅಲ್ಲಿಟ್ಟರೆ ಒಣಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಒಣಗುತ್ತದೆ ನಿಜ. ಜೊತೆಗೆ ಹೊಗೆಯ ವಾಸನೆಯೂ ಹತ್ತುತ್ತದೆ. ನಮ್ಮ ಕರಾವಳಿಯವರು ಒಣಮೀನಿನ ಡಬ್ಬದ ಪಕ್ಕ ಇಡಬಾರದು. ಈ ತಪ್ಪು ನಮ್ಮ ಮನೆಯಲ್ಲೇ ಆಗಿದೆ. ಆ ಬೆಣ್ಣೆಯನ್ನು ಬೆಕ್ಕು ಮಾತ್ರ ಮೆಚ್ಚಿತು.

ಒಣಗಿತು ಅಂತ ಹೇಗೆ ತಿಳಿಯುವುದು? ಬೀಜ ಪೂರ್ತಿ ತಣಿದ ಮೇಲೆ ಒಂದನ್ನು ಮುರಿಯಿರಿ. ‘ಟಕ್’ ಅಂತ ಮುರಿಯಬೇಕು. ಬಾಗಿ ನಿಧಾನಕ್ಕೆ ಹರಿದರೆ ಇನ್ನೂ ಪಸೆ ಇದೆ. ಬಿಸಿ ಇರುವಾಗ ನೋಡಬೇಡಿ, ಆಗ ಒಣಗಿದ್ದೂ ಮೆತ್ತಗೇ ಇರುತ್ತದೆ. ತಕ್ಕಡಿ ಇದ್ದರೆ ಇನ್ನೂ ನಂಬಿಕೆಯ ದಾರಿ ಇದೆ. ಒಣಗಿಸುವ ಮೊದಲು ತೂಗಿ, ಆಮೇಲೆ ಗಂಟೆಗೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿತು. ಜುಲೈ ತಿಂಗಳಲ್ಲಿ ನನ್ನ 250 ಗ್ರಾಂ ಬೀಜ ಆರು ಗ್ರಾಂ ಇಳಿದದ್ದಿದೆ. ಆ ಆರು ಗ್ರಾಂ ನೀರೇ ಎಲ್ಲ ಕೆಡಿಸುವುದು.

ನೆನೆಹಾಕಬೇಕಾ? ಹಸಿ ಆಹಾರ ತಿನ್ನುವವರಲ್ಲಿ ಕೆಲವರು ಬೀಜ ನೆನೆಸಿ, ಒಣಗಿಸಿ, ಆಮೇಲೆ ಅರೆಯುತ್ತಾರೆ. ಏಪ್ರಿಲ್‌ನಲ್ಲಿ ಬೇಕಾದರೆ ಮಾಡಿ, ಎರಡು ಗಂಟೆಗಿಂತ ಜಾಸ್ತಿ ಬೇಡ. ಆಮೇಲೆ ಎರಡು ದಿನ ಪೂರ್ತಿ ಬಿಸಿಲು ಬೇಕು. ಮಳೆಗಾಲದಲ್ಲಿ ನೆನೆಹಾಕುವ ಯೋಚನೆಯೇ ಬೇಡ. ಒಣಗುವ ಮೊದಲೇ ಲೋಳೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ಫ್ರಿಜ್‌ನಲ್ಲಿಟ್ಟ ಗೋಡಂಬಿ ಬಳಸುವವರು ಇನ್ನೊಂದು ಕಡೆ ಎಡವುತ್ತಾರೆ. ತಣ್ಣಗಿನ ಡಬ್ಬ ಹೊರಗೆ ತೆಗೆದು ತಕ್ಷಣ ಮುಚ್ಚಳ ತೆರೆದರೆ ನಮ್ಮ ಗಾಳಿಯ ಪಸೆ ಪೂರ್ತಿ ಬೀಜದ ಮೇಲೆ ಹನಿಯಾಗಿ ಕೂರುತ್ತದೆ. ಮುಚ್ಚಿದಂತೆಯೇ ಎರಡು ಮೂರು ಗಂಟೆ ಹೊರಗಿಡಿ. ಡಬ್ಬ ಮುಟ್ಟಿದರೆ ತಂಪು ಅನ್ನಿಸದ ಮೇಲೆ ತೆರೆಯಿರಿ.

## ಹಂತ 4: ಜಾರ್ ನೋಡಿಕೊಳ್ಳಿ

ಜಾರ್ ಒರೆಸಿದ್ದೇನೆ ಅಂತ ಎಲ್ಲರೂ ಹೇಳುತ್ತಾರೆ. ನೀರು ಉಳಿಯುವುದು ಬ್ಲೇಡ್‌ನ ಅಡಿಯಲ್ಲಿ, ಮುಚ್ಚಳದ ರಬ್ಬರ್‌ನ ಒಳಗೆ. ರಬ್ಬರ್ ಬಿಚ್ಚಿ ಒರೆಸಿ. ಖಾಲಿ ಜಾರ್ ಅನ್ನು ಮೂರು ನಾಲ್ಕು ಸೆಕೆಂಡು ತಿರುಗಿಸಿ, ಅಡಿಯ ನೀರು ಗೋಡೆಗೆ ಸಿಡಿಯುತ್ತದೆ. ಮತ್ತೆ ಒರೆಸಿ. ಹಿಂದಿನ ರಾತ್ರಿಯೇ ತೊಳೆದು ಬೋರಲು ಹಾಕಿಟ್ಟರೆ ಇನ್ನೂ ಒಳ್ಳೆಯದು. ಬೆಣ್ಣೆ ತುಂಬುವ ಬಾಟ್ಲಿಗೂ ಇದೇ ಉಪಚಾರ.

## ಹಂತ 5: ಅರೆಯಿರಿ, ನಿಲ್ಲಿಸಿ, ಮತ್ತೆ ಅರೆಯಿರಿ

ಜಾರ್ ಅರ್ಧ ತುಂಬಿರಬೇಕು. ಕಡಿಮೆ ಹಾಕಿದರೆ ಪುಡಿ ಗೋಡೆಗೆ ಹಾರಿ ಕೂರುತ್ತದೆ, ಬ್ಲೇಡ್ ಗಾಳಿಯಲ್ಲಿ ತಿರುಗುತ್ತದೆ. ಜಾಸ್ತಿ ಹಾಕಿದರೆ ಕೆಳಗಿನದು ಬಿಸಿಯಾಗುತ್ತದೆ, ಮೇಲಿನದು ಹಾಗೇ ಕೂತಿರುತ್ತದೆ.

ಮೂವತ್ತು ಸೆಕೆಂಡು ತಿರುಗಿಸಿ, ಎರಡು ನಿಮಿಷ ನಿಲ್ಲಿಸಿ. ಪ್ರತಿ ಸಲ ಗೋಡೆ ಕೆರೆದು ಕೆಳಗೆ ತನ್ನಿ. ಇದನ್ನು ಅವಸರ ಮಾಡುವ ಹಾಗಿಲ್ಲ. ಮಿಕ್ಸಿ ಪಕ್ಕದಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಿ, ಬಸಳೆ ಬಿಡಿಸುವುದೋ ಕಾಯಿ ತುರಿಯುವುದೋ. ಕಾಯಿ ತುರಿದರೆ ಕೈ ಒರೆಸಿಕೊಂಡು ಬನ್ನಿ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ:

1. ಪುಡಿ. ಮೊದಲ ಒಂದೆರಡು ಸುತ್ತಿಗೆ ರವೆಯ ಹಾಗೆ ಆಗುತ್ತದೆ.
2. ಒದ್ದೆ ಮರಳು. ಬೆರಳಲ್ಲಿ ಒತ್ತಿದರೆ ಉಂಡೆ ಕಟ್ಟುತ್ತದೆ, ಬಿಟ್ಟರೆ ಉದುರುತ್ತದೆ. ಎಣ್ಣೆ ಬಿಡಲು ಶುರುವಾಗಿದೆ.
3. ಮುದ್ದೆ. ಎಲ್ಲ ಸೇರಿ ಉಂಡೆಯಾಗಿ ಬ್ಲೇಡ್‌ನ ಸುತ್ತ ತಿರುಗುತ್ತದೆ. ಇಲ್ಲೇ ಜನ ಕೈಬಿಡುವುದು, ಅಥವಾ ನೀರು, ಹಾಲು ಹಾಕುವುದು. ಎರಡೂ ಬೇಡ. ಒಣ ಬೀಜಕ್ಕೂ ಈ ಘಟ್ಟ ಬಂದೇ ಬರುತ್ತದೆ. ಉಂಡೆ ಒಡೆದು ಹರಡಿ, ಮತ್ತೆ ತಿರುಗಿಸಿ.
4. ಹೊಳಪು. ಉಂಡೆ ಸಡಿಲವಾಗಿ ಜಾರ್‌ನ ಅಡಿಗೆ ಕೂರುತ್ತದೆ, ಮೇಲ್ಮೈ ಮಿನುಗುತ್ತದೆ. ಮಿಕ್ಸಿಯ ಸದ್ದೂ ಬದಲಾಗುತ್ತದೆ. ಎಳೆದಂತಿದ್ದ ಸದ್ದು ಹಗುರವಾಗುತ್ತದೆ.
5. ಬೆಣ್ಣೆ. ಚಮಚದಿಂದ ಎತ್ತಿದರೆ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ, ನಿಧಾನಕ್ಕೆ ಬೀಳುತ್ತದೆ. ನಾಲಿಗೆಗೆ ತರಿ ಸಿಗಬಾರದು.

ನನ್ನ ಮಿಕ್ಸಿಯಲ್ಲಿ ಇಷ್ಟಕ್ಕೆ ಹದಿನೈದು ಇಪ್ಪತ್ತು ಸುತ್ತು, ವಿಶ್ರಾಂತಿ ಸೇರಿ ಮುಕ್ಕಾಲು ಗಂಟೆ ಬೇಕಾಗುತ್ತದೆ.

ಬಿಸಿಯ ಲೆಕ್ಕ ಹೀಗೆ. ಹಸಿ ಬೆಣ್ಣೆ ಅನ್ನುವವರು ಸಾಮಾನ್ಯವಾಗಿ 42ರಿಂದ 48 ಡಿಗ್ರಿ ಒಳಗೆ ಇರಲಿ ಅನ್ನುತ್ತಾರೆ. ಅದಕ್ಕೆ ಥರ್ಮಾಮೀಟರ್ ಬೇಡ. ಮಿಕ್ಸಿ ನಿಲ್ಲಿಸಿ ಜಾರ್‌ನ ತಳವನ್ನು ಅಂಗೈಯಲ್ಲಿ ಹಿಡಿಯಿರಿ. ಹಾಲಿಗೆ ಹೆಪ್ಪು ಹಾಕುವಾಗ ನೋಡುತ್ತೀರಲ್ಲ, ಅಷ್ಟು ಉಗುರು ಬೆಚ್ಚಗಿದ್ದರೆ ಸರಿ. ಅದಕ್ಕಿಂತ ಬಿಸಿಯಾದರೆ ಹತ್ತು ನಿಮಿಷ ಬಿಡಿ. ತಣಿಸಲು ಜಾರ್ ಅನ್ನು ನೀರಿನಲ್ಲಿ ಇಡಬೇಡಿ, ಐಸ್ ಅಂತೂ ಬೇಡವೇ ಬೇಡ.

ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಮಿಕ್ಸಿ ತಾನಾಗಿ ನಿಂತರೆ ಹೆಚ್ಚಿನವುಗಳ ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಪ್ಲಗ್ ತೆಗೆದು, ಅರ್ಧ ಗಂಟೆ ತಣಿಯಲು ಬಿಟ್ಟು, ಆ ಗುಂಡಿ ಒತ್ತಿ. ಒಂದೇ ದಿನ ಎರಡು ಸಲ ಹೀಗಾದರೆ ಜಾರ್‌ನಲ್ಲಿ ಮಾಲು ಜಾಸ್ತಿಯಾಗಿದೆ ಅಂತ ಅರ್ಥ.

ಹತ್ತು ಸುತ್ತಾದರೂ ಮೂರನೇ ಘಟ್ಟ ದಾಟದಿದ್ದರೆ ಒಂದು ಚಹಾ ಚಮಚ ತೆಂಗಿನ ಎಣ್ಣೆ ಹಾಕಿ. 250 ಗ್ರಾಂಗೆ ಎರಡು ಚಮಚದ ಮೇಲೆ ಬೇಡ. ಗಾಣದ ಎಣ್ಣೆಯ ಪರಿಮಳ ಚೆನ್ನಾಗಿರುತ್ತದೆ, ಆದರೆ ಗೋಡಂಬಿಯನ್ನು ಮುಚ್ಚಿಹಾಕುತ್ತದೆ. ತೆಂಗಿನ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಕಾರವಾರದಲ್ಲಿ ಸುರಿಯುವ ಬೆಣ್ಣೆ ಶಿರಸಿಯ ಡಿಸೆಂಬರ್ ಬೆಳಿಗ್ಗೆ ಕಲ್ಲಿನಂತಿದ್ದರೆ ಅದು ಕೆಟ್ಟಿದೆ ಅಂತಲ್ಲ.

ದೋಸೆ ಗ್ರೈಂಡರ್‌ನಲ್ಲಿ ಆಗುತ್ತದಾ ಅಂತ ಕೇಳುವವರಿದ್ದಾರೆ. ಆಗುತ್ತದೆ, ಇನ್ನೂ ನುಣ್ಣಗೆ ಆಗುತ್ತದೆ. ಆದರೆ ಕಲ್ಲಿನ ರಂಧ್ರಗಳಲ್ಲಿ ನೀರೂ ಉದ್ದಿನ ಹುಳಿಯೂ ಕೂತಿರುತ್ತವೆ. ಅದನ್ನು ಎರಡು ದಿನ ಬಿಸಿಲಿಗಿಟ್ಟು ಒಣಗಿಸುವ ತಾಳ್ಮೆ ನನಗಂತೂ ಇಲ್ಲ.

## ಹಂತ 6: ಉಪ್ಪು ಮತ್ತು ಸಿಹಿ

ಉಪ್ಪು ಕೊನೆಗೆ. ಸಾಣಿಕಟ್ಟಾದ ಉಪ್ಪು ಬಳಸುವ ಮನೆಗಳಲ್ಲಿ ಮಳೆಗಾಲದ ಉಪ್ಪಿನ ಭರಣಿ ನೋಡಿದರೆ ಸಾಕು, ಅಡಿಯಲ್ಲಿ ನೀರು ನಿಂತಿರುತ್ತದೆ. ಅದನ್ನೇ ಹಾಕಿದರೆ ಮುಕ್ಕಾಲು ಗಂಟೆಯ ಕೆಲಸ ಹಾಳು. ಒಂದು ಚಿಟಿಕೆ ಉಪ್ಪನ್ನು ಬಾಣಲೆಯಲ್ಲಿ ಹುರಿದು, ತಣಿಸಿ, ಪುಡಿ ಮಾಡಿ ಹಾಕಿ.

ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಮತ್ತು ಜೇನುತುಪ್ಪ ಜಾರ್‌ನೊಳಗೆ ಹಾಕಲೇಬಾರದು. ಎರಡರಲ್ಲೂ ನೀರಿದೆ. ಹೊಳೆಯುತ್ತಿದ್ದ ಬೆಣ್ಣೆ ಅರ್ಧ ನಿಮಿಷದಲ್ಲಿ ಗಟ್ಟಿಯಾಗಿ ಎಣ್ಣೆ ಬೇರೆ, ಮುದ್ದೆ ಬೇರೆ ಆಗುತ್ತದೆ. ತಟ್ಟೆಗೆ ಹಾಕಿಕೊಂಡ ಮೇಲೆ ಜೋನಿಬೆಲ್ಲ ಸುರಿದುಕೊಳ್ಳಿ. ತೆಳ್ಳೇವಿಗೆ, ಅಂದರೆ ನಮ್ಮ ಕಡೆಯ ತೆಳು ದೋಸೆಗೆ, ಬೆಣ್ಣೆ ಮತ್ತು ಜೋನಿಬೆಲ್ಲ ಎರಡನ್ನೂ ಹಚ್ಚಿ ತಿಂದು ನೋಡಿ. ಏಲಕ್ಕಿ ಪುಡಿ ಬೇಕಾದರೆ ಸೇರಿಸಬಹುದು, ಅದು ಒಣಗಿರುತ್ತದೆ.

## ಶೇಂಗಾ ಬೆರೆಸಿ ಖರ್ಚು ಇಳಿಸುವುದು

ತುಕಡಿಯೂ ದುಬಾರಿ ಅನ್ನಿಸಿದರೆ ಮೂರನೇ ಒಂದು ಪಾಲು ಶೇಂಗಾ ಬೆರೆಸಿ. ಅರ್ಧಕ್ಕಿಂತ ಜಾಸ್ತಿ ಹಾಕಿದರೆ ಹಸಿ ಕಾಳಿನ ವಾಸನೆ ಮೇಲೆ ಬರುತ್ತದೆ. ಪೂರ್ತಿ ಹಸಿ ಶೇಂಗಾದ ಬೆಣ್ಣೆ ನನಗೆ ಸೇರುವುದಿಲ್ಲ. ಅದಕ್ಕೆ ಹುರಿದದ್ದೇ ಲೇಸು.

ಶೇಂಗಾದಲ್ಲಿ ಬೂಷ್ಟಿನ ಭಯ ಗೋಡಂಬಿಗಿಂತ ಜಾಸ್ತಿ. ಪಸೆ ಹಿಡಿದ ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೆಟ್ಟದ್ದು. ತೊಳೆದರೆ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕಿದ, ಬಣ್ಣ ಕೆಟ್ಟ, ಕಹಿ ಕಾಳನ್ನು ಒಂದೂ ಬಿಡದೆ ಆರಿಸಿ. ಮುಗ್ಗಲು ವಾಸನೆ ಬಂದರೆ ಆ ಚೀಲವೇ ಬೇಡ. ಮಳೆಗಾಲದ ಕೊನೆಯ ಹೊತ್ತಿಗೆ ಅಂಗಡಿಯಲ್ಲಿ ಉಳಿದ ಹಳೆ ಶೇಂಗಾ ನಾನು ಕೊಳ್ಳುವುದೇ ಇಲ್ಲ.

ಕೆಂಪು ಸಿಪ್ಪೆ ಒಗರು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒರಟು ಬಟ್ಟೆಯಲ್ಲಿ ಉಜ್ಜಿ ಕೇರಿದರೆ ಅರ್ಧಕ್ಕರ್ಧ ಹೋಗುತ್ತದೆ. ಅಷ್ಟು ಸಾಕು. ಅರೆಯುವಾಗ ಶೇಂಗಾ ಮೊದಲು ಹಾಕಿ. ಅದು ಎಣ್ಣೆ ಬೇಗ ಬಿಡುತ್ತದೆ, ಆ ಎಣ್ಣೆಯಲ್ಲಿ ಗೋಡಂಬಿ ಸುಲಭವಾಗಿ ಸಡಿಲವಾಗುತ್ತದೆ.

ಬಸುರಿಯರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಸೋತವರು ಹಸಿ ಬೆಣ್ಣೆಯ ಬದಲು ಬೀಜ ಹುರಿದು ಮಾಡಿದ್ದು ತಿನ್ನಲಿ. ಬೆಂಕಿ ಕಾಣದ ಆಹಾರದಲ್ಲಿ ರೋಗಾಣು ಸಾಯುವುದಿಲ್ಲ. ಕೂಸುಗಳಿಗೆ ಚಮಚದಲ್ಲಿ ಗಟ್ಟಿ ಬೆಣ್ಣೆ ತಿನ್ನಿಸಬೇಡಿ, ಗಂಟಲಿಗೆ ಅಂಟುತ್ತದೆ. ಬೀಜದ ಅಲರ್ಜಿ ಇದ್ದವರಿಗೆ ಇದು ಹೇಗೆ ಮಾಡಿದರೂ ಬೇಡ.

## ಕೆಟ್ಟುಹೋದರೆ

ನೀರು ತಾಗಿ ಮುದ್ದೆಯಾದದ್ದು ಮತ್ತೆ ಬೆಣ್ಣೆ ಆಗುವುದಿಲ್ಲ. ಅದಕ್ಕೆ ಎಣ್ಣೆ ಸುರಿದು ದುಡ್ಡು ಕಳೆಯಬೇಡಿ. ಇನ್ನೂ ನೀರು ಹಾಕಿ ತೆಳ್ಳಗೆ ಅರೆದು ಅವತ್ತೇ ಪಾಯಸಕ್ಕೋ ಕುರ್ಮಕ್ಕೋ ಬಳಸಿ. ಬೆಲ್ಲದ ಪುಡಿ ಸೇರಿಸಿ ಉಂಡೆ ಕಟ್ಟಿದರೂ ಆದೀತು. ಯಾವುದನ್ನೂ ನಾಳೆಗೆ ಇಡಬೇಡಿ.

ತರಿತರಿಯಾಗಿದ್ದರೆ ಕೆಟ್ಟಿಲ್ಲ, ನೀವು ಬೇಗ ನಿಲ್ಲಿಸಿದ್ದೀರಿ. ತಣಿಸಿ ಮತ್ತೆ ತಿರುಗಿಸಿ.

## ಹಂತ 7: ತುಂಬಿಡಿ

ಬೆಚ್ಚಗಿರುವಾಗ ಮುಚ್ಚಳ ಹಾಕಬೇಡಿ, ಒಳಗೆ ಬೆವರುತ್ತದೆ. ಪೂರ್ತಿ ತಣಿದ ಮೇಲೆ ಮುಚ್ಚಿ, ತಾರೀಕು ಬರೆದು ಅಂಟಿಸಿ. ಹೊರಗೆ ಇಡುವುದಾದರೆ ಬೇಸಿಗೆಯಲ್ಲಿ ನಾನು ಹತ್ತು ದಿನಕ್ಕೆ ಮುಗಿಸುತ್ತೇನೆ. ಮಳೆಗಾಲದಲ್ಲಿ ನೇರ ಫ್ರಿಜ್‌ಗೆ, ಅಲ್ಲಿ ಒಂದೂವರೆ ಎರಡು ತಿಂಗಳು ಬರುತ್ತದೆ. ಹೊರಗೆ ತೆಗೆದು ಅರ್ಧ ಗಂಟೆ ತೆರೆದಿಟ್ಟು ಮರೆತರೆ ಮೇಲೆ ಹನಿ ಕೂರುತ್ತದೆ, ಬೇಕಾದಷ್ಟು ತೆಗೆದು ತಕ್ಷಣ ಒಳಗಿಡಿ. ಒದ್ದೆ ಚಮಚ ಹಾಕುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಒಂದು ಸಣ್ಣ ಬಾಟ್ಲಿ ಬೇರೆ ಕೊಟ್ಟುಬಿಡಿ.

ಮೇಲೆ ಎಣ್ಣೆ ತೇಲಿದರೆ ಸುಮ್ನೆ ಕಲಕಿ, ಅದು ಸಹಜ. ಬೂಷ್ಟಿನ ಚುಕ್ಕೆ, ಹುಳಿ ವಾಸನೆ, ಹಳೆ ಬಣ್ಣದ ಡಬ್ಬದಂಥ ಕಮಟು, ಇವುಗಳಲ್ಲಿ ಯಾವುದು ಬಂದರೂ ಬಾಟ್ಲಿ ಪೂರ್ತಿ ಹೊರಗೆ ಹಾಕಿ. ಮೇಲ್ಪದರ ತೆಗೆದು ಉಳಿದದ್ದು ತಿನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಜಾರ್‌ಗೆ ಅಂಟಿದ ಹತ್ತು ಗ್ರಾಂ ಇದೆಯಲ್ಲ, ಅದನ್ನು ಕೆರೆಯುತ್ತಾ ಕೂರಬೇಡಿ. ಒಂದು ಹಿಡಿ ತೆಳು ಅವಲಕ್ಕಿ, ಒಂದು ಚಮಚ ಬೆಲ್ಲ, ಸ್ವಲ್ಪ ಕಾಯಿತುರಿ ಅದರಲ್ಲೇ ಹಾಕಿ ಎರಡು ಸಲ ತಿರುಗಿಸಿ. ಬ್ಲೇಡ್‌ನ ಅಡಿಯದ್ದೂ ಬಿಟ್ಟು ಬರುತ್ತದೆ. ನಮ್ಮ ಮನೆಯಲ್ಲಿ ಬಾಟ್ಲಿಯ ಬೆಣ್ಣೆಗಿಂತ ಇದಕ್ಕೇ ಜಗಳ ಜಾಸ್ತಿ.